10 ಕಿಲೋ ಮಗುವಿಗೆ ಎಷ್ಟು ಆ್ಯಂಟಿಬಯಾಟಿಕ್?

1941ರ ಫೆಬ್ರವರಿಯಿಂದ ಶುರು ಮಾಡುತ್ತೇನೆ. ಇಂಗ್ಲೆಂಡಿನ ಆಕ್ಸ್‌ಫರ್ಡ್‌ನ ಆಸ್ಪತ್ರೆಯೊಂದರಲ್ಲಿ ಆಲ್ಬರ್ಟ್ ಅಲೆಗ್ಸಾಂಡರ್ ಎಂಬ ಪೊಲೀಸ್ ಪೇದೆ ಮಲಗಿದ್ದರು. ಮುಖದಲ್ಲಿ ಹುಟ್ಟಿಕೊಂಡ ಸೋಂಕು ತಲೆ, ಕಣ್ಣು, ಶ್ವಾಸಕೋಶದವರೆಗೂ ಹಬ್ಬಿತ್ತು. ವಿಜ್ಞಾನಿ ಹೊವರ್ಡ್ ಫ್ಲೋರಿ ಅವರ ತಂಡ ಆ ಪೇದೆಗೆ ಪೆನಿಸಿಲಿನ್ ಕೊಟ್ಟಿತು. ಜ್ವರ ಇಳಿಯಿತು, ಊಟ ಸೇರತೊಡಗಿತು. ಆದರೆ ತಂಡದ ಹತ್ತಿರ ಇದ್ದ ಪೆನಿಸಿಲಿನ್ ತೀರಾ ಸ್ವಲ್ಪ. ಅವರ ಮೂತ್ರವನ್ನು ಸಂಗ್ರಹಿಸಿ, ಅದರಲ್ಲಿ ಹೊರಬಂದಿದ್ದ ಪೆನಿಸಿಲಿನ್ನನ್ನು ಮತ್ತೆ ಬೇರ್ಪಡಿಸಿ, ಮತ್ತೆ ಅವರಿಗೇ ಕೊಟ್ಟರು. ಅದೂ ಮುಗಿಯಿತು. ಸೋಂಕು ತಿರುಗಿ ಬಂತು. ಮಾರ್ಚ್ 15ರಂದು ಅವರು ತೀರಿಕೊಂಡರು.

ಆಮೇಲೆ ತಂಡ ಒಂದು ತೀರ್ಮಾನಕ್ಕೆ ಬಂತು. ಇರುವ ಮದ್ದು ಕಡಿಮೆ. ಹಾಗಾಗಿ ಮಕ್ಕಳಿಗೆ ಕೊಟ್ಟು ನೋಡೋಣ, ಅವರಿಗೆ ಸ್ವಲ್ಪ ಸಾಕು. ನಂತರ ಆರಿಸಿದ ರೋಗಿಗಳಲ್ಲಿ ಹಲವರು ಮಕ್ಕಳೇ.

ಈ ಕಥೆಯಲ್ಲಿ ನಮಗೆ ಬೇಕಾದ ಎರಡೂ ವಿಷಯ ಇವೆ, ನೋಡಿ. ಒಂದು, ಮದ್ದು ಮೈಯಲ್ಲಿ ನಿಲ್ಲುವುದಿಲ್ಲ, ಕಿಡ್ನಿ ಅದನ್ನು ಹೊರಗೆ ಹಾಕುತ್ತಲೇ ಇರುತ್ತದೆ. ಎರಡು, ಮಗು ಚಿಕ್ಕದು, ಆದ್ದರಿಂದ ಮದ್ದೂ ಚಿಕ್ಕದು ಎಂಬ ನಂಬಿಕೆ. ಮೊದಲನೆಯದು ನಿಜ. ಎರಡನೆಯದು ಅರ್ಧ ನಿಜ. ಆ ಉಳಿದ ಅರ್ಧದ ಬಗ್ಗೆಯೇ ನಾನು ಮಾತಾಡಬೇಕು ಅಂತ ಬಂದಿರುವುದು. ಮಕ್ಕಳ ಐಸಿಯುನಲ್ಲಿ ಕೆಲಸ ಮಾಡುವವನಿಗೆ ಆ ಅರ್ಧ ದಿನಾ ಎದುರಾಗುತ್ತದೆ.

ಒಂದು ಸಣ್ಣ ಲೆಕ್ಕ ಮಾಡೋಣ. 70 ಕಿಲೋ ತೂಗುವ ದೊಡ್ಡವರಿಗೆ 1,000 ಮಿ.ಗ್ರಾಂ ಮದ್ದು ಅಂದುಕೊಳ್ಳಿ. ಹಾಗಾದರೆ 10 ಕಿಲೋ ಮಗುವಿಗೆ? ಏಳನೇ ಒಂದು ಪಾಲು, ಸುಮಾರು 143 ಮಿ.ಗ್ರಾಂ ಅಂತ ಯಾರಾದರೂ ಹೇಳುತ್ತಾರೆ. ಸರಿ ಅಂತಲೂ ಅನಿಸುತ್ತದೆ, ಅಲ್ವಾ? ಆದರೆ 1932ರಲ್ಲಿ ಮ್ಯಾಕ್ಸ್ ಕ್ಲೈಬರ್ ಎಂಬ ವಿಜ್ಞಾನಿ ಒಂದು ವಿಷಯ ತೋರಿಸಿದ್ದರು. ಪ್ರಾಣಿಯ ತೂಕ ಎರಡು ಪಟ್ಟಾದರೆ, ಅದು ಸುಡುವ ಶಕ್ತಿ ಎರಡು ಪಟ್ಟಾಗುವುದಿಲ್ಲ, ಅದಕ್ಕಿಂತ ಕಡಿಮೆ ಏರುತ್ತದೆ. ಅಂದರೆ ಚಿಕ್ಕ ಮೈ ಒಂದೊಂದು ಕಿಲೋಗೂ ಜಾಸ್ತಿ ಕೆಲಸ ಮಾಡುತ್ತಿರುತ್ತದೆ. ಮದ್ದನ್ನು ಹೊರಹಾಕುವ ಕೆಲಸವೂ ಹೆಚ್ಚುಕಡಿಮೆ ಇದೇ ಗೆರೆಯಲ್ಲಿ ಹೋಗುತ್ತದೆ. ಆ ಲೆಕ್ಕ ಹಿಡಿದರೆ ಅದೇ ಮಗುವಿಗೆ ಸುಮಾರು 230 ಮಿ.ಗ್ರಾಂ ಬೇಕಾಗುತ್ತದೆ. 143 ಎಲ್ಲಿ, 230 ಎಲ್ಲಿ. ಎರಡು ಮೂರು ವರ್ಷದ ಮಕ್ಕಳಿಗೆ ಕಿಲೋ ಲೆಕ್ಕದಲ್ಲಿ ದೊಡ್ಡವರಿಗಿಂತ ಜಾಸ್ತಿ ಡೋಸ್ ಬರೆದಿರುವುದನ್ನು ನೋಡಿ ಎಷ್ಟೋ ಅಪ್ಪ ಅಮ್ಮ ಗಾಬರಿಯಾಗುತ್ತಾರೆ. ಕಾರಣ ಇದು.

ಇಷ್ಟು ಹೇಳಿದ ತಕ್ಷಣ ನಾನೇ ಇದನ್ನು ಮುರಿಯಬೇಕು. ಈ ಲೆಕ್ಕ ಆಗತಾನೆ ಹುಟ್ಟಿದ ಶಿಶುವಿಗೆ ನಡೆಯುವುದಿಲ್ಲ. ಅಲ್ಲಿ ಕಥೆ ತಿರುಗುಮುರುಗು.

ಯಾವ ಮದ್ದಾದರೂ ಕೊಡುವ ಮುಂಚೆ ನಾವು ಎರಡು ಪ್ರಶ್ನೆ ಕೇಳಿಕೊಳ್ಳುತ್ತೇವೆ. ಇದು ಎಷ್ಟು ಜಾಗದಲ್ಲಿ ಹರಡಿಕೊಳ್ಳುತ್ತದೆ? ಎಷ್ಟು ಬೇಗ ಹೊರಗೆ ಹೋಗುತ್ತದೆ? ಮೊದಲನೆಯ ಉತ್ತರ, ಒಂದು ಸಲಕ್ಕೆ ಎಷ್ಟು ಕೊಡಬೇಕು ಅನ್ನುವುದನ್ನು ಹೇಳುತ್ತದೆ. ಎರಡನೆಯ ಉತ್ತರ, ಮುಂದಿನ ಡೋಸ್ ಯಾವಾಗ ಅನ್ನುವುದನ್ನು. ಈ ಎರಡು ಪ್ರಶ್ನೆಗಳನ್ನು ದಯವಿಟ್ಟು ನೆನಪಿನಲ್ಲಿ ಇಟ್ಟುಕೊಳ್ಳಿ, ಮುಂದೆ ಪದೇ ಪದೇ ಬರುತ್ತವೆ.

ಜೆಂಟಾಮೈಸಿನ್ ಎಂಬ ಆ್ಯಂಟಿಬಯಾಟಿಕ್‌ನ ಉದಾಹರಣೆ ತಗೊಳ್ಳಿ. ಇದು ನೀರಿನಲ್ಲಿ ಹರಡುವ ಮದ್ದು, ಕೊಬ್ಬಿನೊಳಗೆ ಹೋಗುವುದಿಲ್ಲ. ದೊಡ್ಡವರ ಮೈತೂಕದಲ್ಲಿ ಸುಮಾರು 60 ಶೇಕಡ ನೀರು. ತುಂಬು ತಿಂಗಳ ಶಿಶುವಿನಲ್ಲಿ 75 ಶೇಕಡದಷ್ಟು. ತಿಂಗಳು ತುಂಬುವ ಮೊದಲೇ ಹುಟ್ಟಿದರೆ 80 ಶೇಕಡ, ಇನ್ನೂ ಜಾಸ್ತಿ. ಅಂದರೆ ಕಿಲೋ ಲೆಕ್ಕದಲ್ಲಿ ಶಿಶುವಿನ ಮೈಯಲ್ಲಿ ಈ ಮದ್ದು ಹರಡುವ ಜಾಗ ದೊಡ್ಡದು. ಹಾಗಾಗಿ ಒಂದು ಸಲದ ಡೋಸ್ ತಕ್ಕಷ್ಟು ಇರಬೇಕು, ಕಿಲೋಗೆ 4ರಿಂದ 5 ಮಿ.ಗ್ರಾಂ. ಆದರೆ ಕಿಡ್ನಿ? ಹುಟ್ಟಿದ ಮೊದಲ ದಿನಗಳಲ್ಲಿ ಮೈಯ ಗಾತ್ರಕ್ಕೆ ಹೊಂದಿಸಿ ನೋಡಿದರೂ ಅದು ದೊಡ್ಡವರ ಕಿಡ್ನಿ ಸೋಸುವುದರ ಅರ್ಧದಷ್ಟೂ ಸೋಸುವುದಿಲ್ಲ. ಮೊದಲ ಎರಡು ವಾರಗಳಲ್ಲಿ ಅದರ ಶಕ್ತಿ ಎರಡು ಪಟ್ಟಾಗುತ್ತದೆ. ಒಂದು ವರ್ಷದ ಹೊತ್ತಿಗೆ ದೊಡ್ಡವರ ಮಟ್ಟದ ಹತ್ತಿರ ಬರುತ್ತದೆ. ಹಾಗಾಗಿ ಶಿಶುವಿಗೆ ಡೋಸ್ ದೊಡ್ಡದು, ಆದರೆ ಮುಂದಿನ ಡೋಸ್ 24 ಗಂಟೆ, 36 ಗಂಟೆ, ಕೆಲವೊಮ್ಮೆ 48 ಗಂಟೆ ಕಳೆದ ಮೇಲೆ. ಹುಟ್ಟಿ ಮೂರು ದಿನ ಆದಾಗ ಸರಿ ಇದ್ದ ಅಂತರ, ಮೂರು ವಾರ ಆದಾಗ ಅದೇ ಮಗುವಿಗೆ ಸರಿ ಇರುವುದಿಲ್ಲ. ಮಗು ಅದೇ, ತೊಟ್ಟಿಲು ಅದೇ, ಕಿಡ್ನಿ ಮಾತ್ರ ಬೇರೆ ಆಗಿರುತ್ತದೆ.

ಲಿವರ್ ಕೂಡ ಹೀಗೆಯೇ. ಇಲ್ಲಿ ನಾನು ಸ್ವಲ್ಪ ನಿಲ್ಲಬೇಕು, ಯಾಕೆಂದರೆ ನಮ್ಮ ವೃತ್ತಿ ಈ ಪಾಠವನ್ನು ಕಲಿತದ್ದು ಶಿಶುಗಳ ಸಾವಿನಿಂದ. 1950ರ ದಶಕದಲ್ಲಿ ತಿಂಗಳು ತುಂಬದ ಶಿಶುಗಳಿಗೆ ಸೋಂಕು ಬರದಿರಲಿ ಅಂತ ಮುಂಜಾಗ್ರತೆಗಾಗಿ ಕ್ಲೋರಾಂಫೆನಿಕಾಲ್ ಎಂಬ ಆ್ಯಂಟಿಬಯಾಟಿಕ್ ಕೊಡುತ್ತಿದ್ದರು. ಒಳ್ಳೆಯ ಉದ್ದೇಶದಿಂದಲೇ. ಕೆಲವು ಶಿಶುಗಳ ಹೊಟ್ಟೆ ಉಬ್ಬುತ್ತಿತ್ತು, ಮೈ ಬೂದಿ ಬಣ್ಣಕ್ಕೆ ತಿರುಗುತ್ತಿತ್ತು, ರಕ್ತದೊತ್ತಡ ಕುಸಿದು ಮಗು ಹೋಗಿಬಿಡುತ್ತಿತ್ತು. ಸೋಂಕೇ ಕಾರಣ ಅಂದುಕೊಂಡರು. 1959ರಲ್ಲಿ ಅಮೆರಿಕದ ವೈದ್ಯರು ಮದ್ದು ಸಿಕ್ಕ ಶಿಶುಗಳನ್ನೂ ಸಿಗದ ಶಿಶುಗಳನ್ನೂ ಹೋಲಿಸಿ ವರದಿ ಪ್ರಕಟಿಸಿದರು. ಮದ್ದು ಸಿಕ್ಕವರಲ್ಲೇ ಸಾವು ಬಹಳ ಜಾಸ್ತಿ ಇತ್ತು. ಆ ಮದ್ದನ್ನು ಕರಗಿಸಿ ಹೊರಗೆ ಕಳಿಸುವ ಕಿಣ್ವ ಶಿಶುವಿನ ಲಿವರ್‌ನಲ್ಲಿ ಇನ್ನೂ ಬಲಿತಿರಲಿಲ್ಲ. ಮದ್ದು ಒಳಗೇ ಶೇಖರವಾಗುತ್ತಾ ಹೋಗಿತ್ತು. ಕಿಲೋ ಲೆಕ್ಕ ಹಾಕಿಯೇ ಕೊಟ್ಟಿದ್ದರು ಅನ್ನುವುದನ್ನು ಗಮನಿಸಿ. ಗುಣಾಕಾರ ತಪ್ಪಿರಲಿಲ್ಲ. ಆ ಮಗುವಿನ ಲಿವರ್ ಏನು ಮಾಡಬಲ್ಲದು ಅನ್ನುವ ಪ್ರಶ್ನೆಯನ್ನೇ ಕೇಳಿರಲಿಲ್ಲ. ಈಗಲೂ ಯಾವುದೇ ಹೊಸ ಮದ್ದನ್ನು ಶಿಶುವಿಗೆ ಬರೆಯುವಾಗ ನನಗೆ ಆ ಬೂದಿ ಬಣ್ಣ ನೆನಪಾಗುತ್ತದೆ.

ಇಲ್ಲಿಯವರೆಗೆ ನಾನು ಹೇಳಿದ್ದು ಬೆಳವಣಿಗೆಯ ಮಾತು. ಇನ್ನು ಕಾಯಿಲೆಯ ಮಾತಿಗೆ ಬರೋಣ. ಸೋಂಕಿಗೆ ಮೈ ತೋರುವ ಪ್ರತಿಕ್ರಿಯೆ ಹತೋಟಿ ತಪ್ಪಿ ಮೈಯೆಲ್ಲಾ ತತ್ತರಿಸುವ ಸ್ಥಿತಿಗೆ ಸೆಪ್ಸಿಸ್ ಅನ್ನುತ್ತೇವೆ. 2017ರಲ್ಲಿ ಜಗತ್ತಿನಲ್ಲಿ ಸುಮಾರು 4.9 ಕೋಟಿ ಜನರಿಗೆ ಸೆಪ್ಸಿಸ್ ಆಗಿತ್ತು ಅಂತ ಒಂದು ಅಂದಾಜು ಇದೆ. ಅದರಲ್ಲಿ ಸುಮಾರು 2 ಕೋಟಿ, ಐದು ವರ್ಷದೊಳಗಿನ ಮಕ್ಕಳು. ಇಂಥ ಮಗುವಿನಲ್ಲಿ ಸಣ್ಣ ರಕ್ತನಾಳಗಳು ಸೋರುತ್ತವೆ. ರಕ್ತದ ನೀರು ಹೊರಗೆ ಜಿನುಗಿ ಮೈ ಊದಿಕೊಳ್ಳುತ್ತದೆ. ಒತ್ತಡ ಬಿದ್ದಾಗ ನಾವು ಡ್ರಿಪ್ ಹಾಕುತ್ತೇವೆ, ಒಂದು ಸಲಕ್ಕೆ ಕಿಲೋಗೆ 10ರಿಂದ 20 ಎಂಎಲ್. ಬೇಕಾದರೆ ಮತ್ತೆ, ಇನ್ನೊಮ್ಮೆ. ನೀರಿನಲ್ಲಿ ಹರಡುವ ಮದ್ದಿಗೆ ಈಗ ಜಾಗ ಇನ್ನೂ ದೊಡ್ಡದಾಯಿತು. ಪುಸ್ತಕದ ಡೋಸ್ ಆ ದೊಡ್ಡ ಜಾಗದಲ್ಲಿ ತೆಳುವಾಗಿ ಹೋಗುತ್ತದೆ.

ಕಿಡ್ನಿಯ ವಿಷಯ ಇನ್ನೂ ವಿಚಿತ್ರ. ತುಂಬಾ ಕಾಯಿಲೆ ಆದವರ ಕಿಡ್ನಿ ಸೋಲುತ್ತದೆ, ಆದ್ದರಿಂದ ಮದ್ದು ಕಡಿಮೆ ಮಾಡಬೇಕು ಅಂತ ನಮಗೆ ಕಾಲೇಜಿನಲ್ಲಿ ಹೇಳಿಕೊಟ್ಟಿದ್ದರು. ಅದು ಹಲವರಲ್ಲಿ ನಿಜ. ಆದರೆ ಇನ್ನು ಕೆಲವರಲ್ಲಿ ತದ್ವಿರುದ್ಧ. ಜ್ವರಕ್ಕೆ ಹೃದಯ ಜೋರಾಗಿ ಬಡಿಯುತ್ತದೆ, ಕಿಡ್ನಿಗೆ ಜಾಸ್ತಿ ರಕ್ತ ನುಗ್ಗುತ್ತದೆ, ಕಿಡ್ನಿ ಮಾಮೂಲಿಗಿಂತ ವೇಗವಾಗಿ ಸೋಸತೊಡಗುತ್ತದೆ. ಸುಟ್ಟ ಗಾಯದ ಮಕ್ಕಳಲ್ಲಿ, ಅಪಘಾತದಲ್ಲಿ ಪೆಟ್ಟಾದವರಲ್ಲಿ, ಕ್ಯಾನ್ಸರ್ ಚಿಕಿತ್ಸೆ ನಡೆಯುವಾಗ ಜ್ವರ ಬಂದವರಲ್ಲಿ ಇದನ್ನು ಕಾಣುತ್ತೇವೆ. ಆರಾಮವಾಗಿರುವ ದೊಡ್ಡವರ ಕಿಡ್ನಿ ನಿಮಿಷಕ್ಕೆ 100–120 ಎಂಎಲ್ ಸೋಸುತ್ತದೆ ಅಂದರೆ, ಇಂಥವರಲ್ಲಿ 130 ದಾಟುತ್ತದೆ. ಕೊಟ್ಟ ಮದ್ದು ಮೂತ್ರದಲ್ಲಿ ಹೋಗಿಬಿಡುತ್ತದೆ. ಆಕ್ಸ್‌ಫರ್ಡ್‌ನವರು ಸಂಗ್ರಹಿಸಿದ ಮೂತ್ರ ನೆನಪಿಸಿಕೊಳ್ಳಿ.

ನಾನು ಇದನ್ನು ಸರಿಯಾಗಿ ಕಲಿತದ್ದು ಒಬ್ಬ ಹುಡುಗಿಯಿಂದ. ಶಾಲೆಗೆ ಹೋಗುವ ವಯಸ್ಸು, ರಕ್ತದ ಕ್ಯಾನ್ಸರ್‌ಗೆ ಚಿಕಿತ್ಸೆ ನಡೆಯುತ್ತಿತ್ತು, ಬಿಳಿ ರಕ್ತಕಣ ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ. ಜೋರು ಜ್ವರ. ವ್ಯಾಂಕೊಮೈಸಿನ್ ಎಂಬ ಆ್ಯಂಟಿಬಯಾಟಿಕ್ ಶುರು ಮಾಡಿದೆವು, ಪುಸ್ತಕದಲ್ಲಿ ಇರುವ ಹಾಗೆಯೇ. ಎರಡನೇ ದಿನ ಜ್ವರ ಇಳಿದಿರಲಿಲ್ಲ. ರಕ್ತದಲ್ಲಿ ಮದ್ದಿನ ಲೆವೆಲ್ ನೋಡಿದರೆ, ಮುಂದಿನ ಡೋಸ್ ಕೊಡುವ ಹೊತ್ತಿಗೆ ಹೆಚ್ಚುಕಡಿಮೆ ಏನೂ ಉಳಿದಿರಲಿಲ್ಲ. ಕಿಡ್ನಿ ಹೇಗೆ ಸೋಸುತ್ತಿದೆ ಅಂತ ತಿಳಿಯಲು ರಕ್ತದಲ್ಲಿ ನೋಡುವ ಕ್ರಿಯಾಟಿನಿನ್ ಮಾತ್ರ ಚೆನ್ನಾಗಿತ್ತು. ಚೆನ್ನಾಗಿದೆ ಅಂತ ನಾನು ಸಮಾಧಾನ ಪಟ್ಟುಕೊಂಡಿದ್ದೆ. ಅದು ತೀರಾ ಕಡಿಮೆ ಇತ್ತು, ಕಿಡ್ನಿ ಅತಿ ವೇಗವಾಗಿ ಸೋಸುತ್ತಿದೆ ಅನ್ನುವುದಕ್ಕೆ ಅದೇ ಸುಳಿವು ಆಗಿತ್ತು. ನಾನು ಓದಿರಲಿಲ್ಲ. ಆ ಹುಡುಗಿಯ ಮಾತಿಗೆ ಕೊನೆಯಲ್ಲಿ ಬರುತ್ತೇನೆ.

ಕ್ರಿಯಾಟಿನಿನ್ ಬಗ್ಗೆ ಒಂದು ಮಾತು ಸೇರಿಸಬೇಕು. ಅದು ಸ್ನಾಯುವಿನಿಂದ ಬರುವ ವಸ್ತು. ವಾರಗಟ್ಟಲೆ ಮಲಗಿ ಸೊರಗಿದ ಮಗುವಿನಲ್ಲಿ ಸ್ನಾಯುವೇ ಕರಗಿರುತ್ತದೆ. ಆಗ ಕಿಡ್ನಿ ಸುಸ್ತಾಗಿದ್ದರೂ ರಿಪೋರ್ಟ್ ಚೆನ್ನಾಗಿಯೇ ಕಾಣುತ್ತದೆ. ಹುಟ್ಟಿದ ಮೊದಲ ದಿನಗಳಲ್ಲಂತೂ ಶಿಶುವಿನ ರಕ್ತದಲ್ಲಿ ಇರುವುದು ಬಹುಮಟ್ಟಿಗೆ ತಾಯಿಯ ಕ್ರಿಯಾಟಿನಿನ್. ಒಂದೇ ಒಂದು ಸಂಖ್ಯೆ ನೋಡಿ ನಿರ್ಧಾರ ಮಾಡಬೇಡಿ, ಮೂತ್ರ ಎಷ್ಟು ಹೋಗುತ್ತಿದೆ, ನಿನ್ನೆಗಿಂತ ಇವತ್ತು ಹೇಗಿದೆ ಅಂತ ನೋಡಿ ಅಂತ ಕಿರಿಯ ವೈದ್ಯರಿಗೆ ನಾನು ಹೇಳುತ್ತಲೇ ಇರುತ್ತೇನೆ.

ಈಗ ಮದ್ದು ಕ್ರಿಮಿಯನ್ನು ಹೇಗೆ ಕೊಲ್ಲುತ್ತದೆ ಅನ್ನುವ ಕಡೆ ಹೋಗೋಣ. ಎಲ್ಲ ಆ್ಯಂಟಿಬಯಾಟಿಕ್ ಒಂದೇ ಥರ ಕೊಲ್ಲುವುದಿಲ್ಲ. ಜೆಂಟಾಮೈಸಿನ್‌ಗೆ ಬೇಕಾದದ್ದು ಎತ್ತರ. ಒಮ್ಮೆ ಲೆವೆಲ್ ಚೆನ್ನಾಗಿ ಏರಿದರೆ ಕ್ರಿಮಿಗೆ ಭಾರೀ ಪೆಟ್ಟು ಬೀಳುತ್ತದೆ, ಮದ್ದು ಇಳಿದ ಮೇಲೂ ಸ್ವಲ್ಪ ಹೊತ್ತು ಅದು ಚೇತರಿಸಿಕೊಳ್ಳುವುದಿಲ್ಲ. ಆಮೇಲೆ ಲೆವೆಲ್ ಕೆಳಗೆ ಇಳಿಯಲೇಬೇಕು, ಇಲ್ಲದಿದ್ದರೆ ಕಿಡ್ನಿಗೂ ಕಿವಿಗೂ ಹಾನಿ. ಪೆನಿಸಿಲಿನ್, ಸೆಫಲೋಸ್ಪೊರಿನ್, ಮೆರೊಪೆನೆಮ್ ಗುಂಪಿಗೆ ಎತ್ತರದಿಂದ ಅಷ್ಟು ಲಾಭ ಇಲ್ಲ. ಅವಕ್ಕೆ ಬೇಕಾದದ್ದು ಸಮಯ. ಕ್ರಿಮಿ ಬೆಳೆಯಲಾರದ ಒಂದು ಮಟ್ಟ ಇರುತ್ತದೆ, ಆ ಮಟ್ಟದ ಮೇಲೆ ಮದ್ದು ಎಷ್ಟು ಹೊತ್ತು ನಿಂತಿತು ಅನ್ನುವುದೇ ಮುಖ್ಯ. ಮೆರೊಪೆನೆಮ್ ರಕ್ತದಲ್ಲಿ ಸುಮಾರು ಒಂದು ಗಂಟೆಗೆ ಅರ್ಧ ಆಗುತ್ತದೆ. ಕಿಡ್ನಿ ಓಡುತ್ತಿದ್ದರೆ ಇನ್ನೂ ಬೇಗ. ಎಂಟು ಗಂಟೆಗೊಮ್ಮೆ ಅರ್ಧ ಗಂಟೆಯಲ್ಲಿ ಕೊಟ್ಟು ಮುಗಿಸಿದರೆ, ಕೊನೆಯ ಕೆಲವು ಗಂಟೆ ಕ್ರಿಮಿಗೆ ಬಿಡುವು.

ಅದಕ್ಕೆ ಒಂದು ಸರಳ ಉಪಾಯ ಇದೆ. ಮದ್ದು ಅಷ್ಟೇ, ಆದರೆ ಪಂಪ್‌ನಲ್ಲಿ ಇಟ್ಟು ಮೂರು ನಾಲ್ಕು ಗಂಟೆ ನಿಧಾನವಾಗಿ ಬಿಡುವುದು. ಒಂದು ಮಿ.ಗ್ರಾಂ ಕೂಡ ಹೆಚ್ಚು ಖರ್ಚಿಲ್ಲ. ದಿನವಿಡೀ ಬಿಡುವವರೂ ಇದ್ದಾರೆ, ಆದರೆ ಕರಗಿಸಿದ ಮೆರೊಪೆನೆಮ್ ಹೊರಗಿನ ಶಾಖದಲ್ಲಿ ಬಹಳ ಹೊತ್ತು ಕೆಡದೆ ಇರುವುದಿಲ್ಲ, ಮತ್ತೆ ಮತ್ತೆ ಹೊಸದಾಗಿ ಕಲಸಬೇಕು. 2024ರಲ್ಲಿ ದೊಡ್ಡವರ ಮೇಲೆ ನಡೆದ ಒಂದು ದೊಡ್ಡ ಪ್ರಯೋಗ ಪ್ರಕಟವಾಯಿತು, 7,000ಕ್ಕೂ ಹೆಚ್ಚು ರೋಗಿಗಳು. ಮದ್ದನ್ನು ದಿನವಿಡೀ ನಿಧಾನವಾಗಿ ಹರಿಸಿದವರಲ್ಲಿ 90 ದಿನದೊಳಗೆ ಸತ್ತವರು 24.9 ಶೇಕಡ, ಬಿಟ್ಟು ಬಿಟ್ಟು ಕೊಟ್ಟವರಲ್ಲಿ 26.8. ಈ ವ್ಯತ್ಯಾಸ ಆಕಸ್ಮಿಕ ಅಲ್ಲ ಅಂತ ಖಚಿತವಾಗಿ ಹೇಳಲು ಆ ಪ್ರಯೋಗವೊಂದೇ ಸಾಲಲಿಲ್ಲ. ಸೋಂಕು ವಾಸಿಯಾದವರು ಮಾತ್ರ ಮೊದಲ ಗುಂಪಿನಲ್ಲಿ ಜಾಸ್ತಿ. ಮಕ್ಕಳಲ್ಲಿ ಇಷ್ಟು ದೊಡ್ಡ ಪ್ರಯೋಗ ಆಗಬೇಕು ಅನ್ನುವುದು ನನ್ನ ದೊಡ್ಡ ಆಸೆ.

ವ್ಯಾಂಕೊಮೈಸಿನ್ ಎರಡರ ನಡುವಿನದು. ಅದಕ್ಕೆ 24 ಗಂಟೆಯಲ್ಲಿ ಮೈಗೆ ಒಟ್ಟು ಎಷ್ಟು ಮದ್ದಿನ ಸಂಪರ್ಕ ಸಿಕ್ಕಿತು ಅನ್ನುವುದು ಲೆಕ್ಕ. ಬಹಳ ವರ್ಷ ಡೋಸ್‌ಗೆ ಮುಂಚಿನ ಲೆವೆಲ್ ಒಂದನ್ನೇ ನೋಡಿ ಅದು ಲೀಟರಿಗೆ 15ರಿಂದ 20 ಮಿ.ಗ್ರಾಂ ಇರಬೇಕು ಅನ್ನುತ್ತಿದ್ದರು. ಅದರಿಂದ ಎಷ್ಟೋ ಜನರ ಕಿಡ್ನಿಗೆ ಪೆಟ್ಟಾಯಿತು. 2020ರ ಅಮೆರಿಕದ ಮಾರ್ಗಸೂಚಿ ಅದನ್ನು ಬಿಟ್ಟು, ಇಡೀ ದಿನದ ಒಟ್ಟು ಲೆಕ್ಕ ನೋಡಿ ಅಂದಿತು.

ಈಗ ಒಂದು ಬದಿಯ ಮಾತು. ನನಗೆ ಇದು ಬದಿಯದು ಅಂತ ಅನಿಸುವುದಿಲ್ಲ, ಆದರೆ ಪುಸ್ತಕಗಳಲ್ಲಿ ಬದಿಗೇ ಇರುತ್ತದೆ. 3 ಕಿಲೋ ಶಿಶುವಿಗೆ 12 ಮಿ.ಗ್ರಾಂ ಜೆಂಟಾಮೈಸಿನ್. ಮಕ್ಕಳ ಬಾಟಲಿಯಲ್ಲಿ ಒಂದು ಎಂಎಲ್‌ಗೆ 10 ಮಿ.ಗ್ರಾಂ ಇದ್ದರೆ, ಕೊಡಬೇಕಾದದ್ದು 1.2 ಎಂಎಲ್. ಸಿರಿಂಜಿನಿಂದ ಮಗುವಿನ ಕೈಯವರೆಗಿನ ನಳಿಗೆಯಲ್ಲೇ ಅಷ್ಟು ದ್ರವ ಹಿಡಿಯುತ್ತದೆ! ಪಂಪ್ ನಿಂತಿತು, ಡೋಸ್ ಮುಗಿಯಿತು ಅಂತ ನಾವು ಬರೆದುಕೊಂಡೆವು. ಮದ್ದು ಇನ್ನೂ ನಳಿಗೆಯಲ್ಲೇ ಕೂತಿದೆ. ನಾನು ಕಲಿಯುತ್ತಿದ್ದ ದಿನಗಳಲ್ಲಿ ಒಬ್ಬ ಸಿಸ್ಟರ್ ನನ್ನ ಕೈಗೆ ಆ ನಳಿಗೆ ಕೊಟ್ಟು, "ಡಾಕ್ಟ್ರೇ, ನಿಮ್ಮ ಡೋಸ್ ಇಲ್ಲಿದೆ ನೋಡಿ" ಅಂದಿದ್ದರು. ಸಲೈನ್‌ನಲ್ಲಿ ನಿಧಾನವಾಗಿ ತಳ್ಳಿದರೆ ಮಾತ್ರ ಅದು ಮಗುವಿಗೆ ಸೇರುತ್ತದೆ. ನಾವು ಮೇಲೆ ಕೂತು ಎಷ್ಟು ಲೆಕ್ಕ ಹಾಕಿದರೂ, ಕೊನೆಯ ಆ ಒಂದು ಎಂಎಲ್ ಸಿಸ್ಟರ್ ಕೈಯಲ್ಲಿ ಇರುತ್ತದೆ.

ತೂಕವೂ ಹಾಗೆಯೇ. ವೆಂಟಿಲೇಟರ್‌ನಲ್ಲಿ ಇರುವ ಮಗುವನ್ನು ಎತ್ತಿ ತೂಗುವುದು ಸುಲಭ ಅಲ್ಲ. ಊದಿಕೊಂಡ ಮಗುವಿನ ತೂಕದಲ್ಲಿ ನಾವೇ ಹಾಕಿದ ಡ್ರಿಪ್ ಸೇರಿರುತ್ತದೆ. ಇನ್ನು ಬಿಂದುವಿನ ತಪ್ಪು. 1.2 ಎಂಎಲ್ ಅನ್ನುವಲ್ಲಿ ಬಿಂದು ಕಾಣದಿದ್ದರೆ 12. ದೊಡ್ಡವರಲ್ಲಿ ಹತ್ತು ಪಟ್ಟು ತಪ್ಪಾದರೆ ಹತ್ತು ಬಾಟಲಿ ಒಡೆಯಬೇಕು, ಯಾರಾದರೂ ತಡೆಯುತ್ತಾರೆ. ಮಗುವಿಗೆ ಹತ್ತು ಪಟ್ಟು ಮದ್ದು ಒಂದೆರಡು ಬಾಟಲಿಯಲ್ಲೇ ಸಿಕ್ಕಿಬಿಡುತ್ತದೆ. ಅದಕ್ಕೇ ಇಬ್ಬರು ನೋಡದೆ ಕೊಡಬಾರದು.

ಹಾಗಾದರೆ ಎಲ್ಲ ಮಕ್ಕಳಲ್ಲೂ ದಿನಾ ಲೆವೆಲ್ ನೋಡಿದರೆ ಆಯಿತಲ್ಲ ಅಂತ ಕೇಳಬಹುದು. ಒಂದು ಕಿಲೋ ತೂಕದ ಶಿಶುವಿನ ಮೈಯಲ್ಲಿ ಇರುವ ಒಟ್ಟು ರಕ್ತ ಸುಮಾರು 90 ಎಂಎಲ್. ಒಂದು ಪರೀಕ್ಷೆಗೆ ಒಂದು ಎಂಎಲ್ ತೆಗೆದರೂ ಅದು ನಿಮ್ಮ ನಮ್ಮ ಮೈಯಿಂದ 50 ಎಂಎಲ್‌ಗಿಂತ ಜಾಸ್ತಿ ತೆಗೆದ ಹಾಗೆ. ಸುಮ್ನೆ ಮತ್ತೆ ಮತ್ತೆ ಚುಚ್ಚಲು ಆಗುವುದಿಲ್ಲ. ಹಿಮ್ಮಡಿಯಿಂದ ತೆಗೆದ ಒಂದು ಹನಿಯನ್ನು ಕಾಗದದ ಮೇಲೆ ಒಣಗಿಸಿ ಅಳೆಯುವ ವಿಧಾನ ಬಂದಿದೆ. ಇನ್ನೊಂದು ದಾರಿ ಕಂಪ್ಯೂಟರ್ ಮಾದರಿ. ಇದೇ ವಯಸ್ಸು, ಇದೇ ತೂಕ, ಇಂಥದೇ ಕಿಡ್ನಿ ಇರುವ ಬೇರೆ ಮಕ್ಕಳಲ್ಲಿ ಮದ್ದು ಹೇಗೆ ನಡೆದುಕೊಂಡಿತ್ತು ಅನ್ನುವುದು ಅದರಲ್ಲಿ ಇರುತ್ತದೆ. ಈ ಮಗುವಿನ ಒಂದೋ ಎರಡೋ ಲೆವೆಲ್ ಕೊಟ್ಟರೆ, ಅದು ತನ್ನ ಊಹೆಯನ್ನು ಈ ಮಗುವಿನ ಕಡೆಗೆ ತಿದ್ದಿಕೊಂಡು ಮುಂದಿನ ಡೋಸ್ ಸೂಚಿಸುತ್ತದೆ. ಎರಡು ಹನಿ ರಕ್ತದಿಂದ ಇಷ್ಟು ತಿಳಿಯುವುದು ದೊಡ್ಡ ವಿಷಯ.

ಆದರೆ ನಿಮ್ಮಿಂದ ಏನೂ ಮುಚ್ಚಿಡಬಾರದು. ಜರ್ಮನಿಯಲ್ಲಿ ಒಂದು, ನೆದರ್‌ಲೆಂಡ್ಸ್‌ನಲ್ಲಿ ಒಂದು, ಹೀಗೆ ದೊಡ್ಡವರ ಮೇಲೆ ನಡೆದ ಎರಡು ಪ್ರಯೋಗ 2022ರಲ್ಲಿ ಪ್ರಕಟವಾದವು. ಲೆವೆಲ್ ನೋಡಿ ಡೋಸ್ ತಿದ್ದಿದವರಿಗೂ ಮಾಮೂಲಿ ಡೋಸ್ ಕೊಟ್ಟವರಿಗೂ ಫಲಿತಾಂಶದಲ್ಲಿ ಸ್ಪಷ್ಟ ವ್ಯತ್ಯಾಸ ಕಾಣಲಿಲ್ಲ. ನನ್ನ ಓದು ಏನೆಂದರೆ, ಲೆವೆಲ್ ಬಂದು ಡೋಸ್ ತಿದ್ದುವ ಹೊತ್ತಿಗೆ ಮುಖ್ಯವಾದ ಮೊದಲ ದಿನ ಕಳೆದುಹೋಗಿರುತ್ತದೆ. ಹಾಗಾಗಿ ಮೊದಲ ಡೋಸ್ ಸರಿ ಇರುವುದು ಬಹಳ ಮುಖ್ಯ. ಇಲ್ಲಿ ಒಂದು ತಪ್ಪು ತುಂಬಾ ಕಡೆ ನೋಡಿದ್ದೇನೆ. ಕಿಡ್ನಿ ಕೆಟ್ಟಿದೆ ಅಂತ ಮೊದಲ ಡೋಸನ್ನೇ ಅರ್ಧ ಮಾಡುವುದು. ನಮ್ಮ ಎರಡು ಪ್ರಶ್ನೆ ನೆನಪಿದೆಯಲ್ಲ? ಮೊದಲ ಡೋಸ್ ತುಂಬಬೇಕಾದದ್ದು ಜಾಗವನ್ನು. ಹೊರಹೋಗುವ ದಾರಿ ಕಟ್ಟಿಕೊಂಡಿದ್ದರೂ ಜಾಗ ಚಿಕ್ಕದಾಗಿರುವುದಿಲ್ಲ, ಊದಿದ ಮಗುವಿನಲ್ಲಿ ದೊಡ್ಡದೇ ಆಗಿರುತ್ತದೆ. ಮೊದಲ ಡೋಸ್ ಪೂರ್ತಿ ಕೊಡಿ. ಶಾಕ್‌ನಲ್ಲಿ ಇರುವ, ಅಂದರೆ ಅಂಗಾಂಗಗಳಿಗೆ ಸಾಕಷ್ಟು ರಕ್ತ ಹರಿಯದ ಮಗುವಿಗೆ ಒಂದು ಗಂಟೆಯೊಳಗೆ ಕೊಡಿ. ಕಡಿಮೆ ಮಾಡುವುದಿದ್ದರೆ ಅದು ಎರಡನೇ ಡೋಸ್‌ನಿಂದ.

ಕೆಲವೊಮ್ಮೆ ಸರಿಯಾದ ಡೋಸ್ ಅಂದರೆ ಆ ಮದ್ದನ್ನೇ ಕೊಡದಿರುವುದು. ಜೀವಕೋಶಕ್ಕೆ ಶಕ್ತಿ ಕೊಡುವ ಮೈಟೊಕಾಂಡ್ರಿಯಾದ ಡಿಎನ್‌ಎಯಲ್ಲಿ ಒಂದು ಅಕ್ಷರ ಬದಲಾಗಿರುವ ಕೆಲವರಿಗೆ ಜೆಂಟಾಮೈಸಿನ್ ಸರಿಯಾದ ಲೆವೆಲ್‌ನಲ್ಲೇ ಕಿವಿ ಕೆಡಿಸಬಹುದು. ಯುರೋಪಿನಲ್ಲಿ ಸುಮಾರು 500 ಜನರಲ್ಲಿ ಒಬ್ಬರಿಗೆ ಈ ಬದಲಾವಣೆ ಇದೆ. ಇಂಗ್ಲೆಂಡಿನ ಒಂದು ತಂಡ ಶಿಶುವಿನ ಕೆನ್ನೆಯ ಒಳಗೆ ಹತ್ತಿ ಸವರಿ 26 ನಿಮಿಷದಲ್ಲಿ ಇದನ್ನು ಪತ್ತೆ ಮಾಡುವ ಪರೀಕ್ಷೆಯನ್ನು 2022ರಲ್ಲಿ ವರದಿ ಮಾಡಿತು. ಒಂದು ಗಂಟೆಯೊಳಗೆ ಮದ್ದು ಕೊಡಬೇಕು ಅನ್ನುವ ನಮಗೆ 26 ನಿಮಿಷ ಅಂದರೆ ಸಾಧ್ಯವಿರುವ ಮಾತು.

ಆ ಹುಡುಗಿಯ ಮಾತು ಬಾಕಿ ಇದೆ. ಎರಡನೇ ದಿನ ನಾವು ಡೋಸ್ ಏರಿಸಿದೆವು, ಎಂಟು ಗಂಟೆಯ ಅಂತರವನ್ನು ಆರಕ್ಕೆ ಇಳಿಸಿದೆವು. ಮೂರನೇ ದಿನ ಲೆವೆಲ್ ಬೇಕಾದ ಜಾಗದಲ್ಲಿತ್ತು. ನಾಲ್ಕನೇ ದಿನ ಜ್ವರ ಬಿಟ್ಟಿತು, ಎದೆಬಡಿತ ಇಳಿಯಿತು, ಹುಡುಗಿ ಎದ್ದು ಕೂತಳು. ಎಲ್ಲರಿಗೂ ಖುಷಿ, ಡೋಸ್ ಹಾಗೆಯೇ ಮುಂದುವರಿಯಿತು. ಐದನೇ ದಿನ ಬೆಳಿಗ್ಗೆ ರೌಂಡ್ಸ್‌ಗೆ ಹೋದಾಗ ಸಿಸ್ಟರ್ ಚಾರ್ಟ್ ತೋರಿಸಿದರು, ರಾತ್ರಿ ಮೂತ್ರ ಕಡಿಮೆ ಆಗಿದೆ ಅಂದರು. ಜ್ವರ ಹೋದ ಮೇಲೆ ಕಿಡ್ನಿಯ ಓಟ ನಿಂತಿತ್ತು. ಲೆವೆಲ್ ಕಳಿಸಿದೆವು, ಜಾಸ್ತಿ ಬಂತು. ಅವತ್ತು ಮಧ್ಯಾಹ್ನದ ಡೋಸ್ ನಿಲ್ಲಿಸಿ, ಮಾರನೇ ದಿನ ಮತ್ತೆ ಲೆವೆಲ್ ನೋಡಿ, ನಾವು ಮೊದಲ ದಿನ ಬರೆದಿದ್ದ ಪುಸ್ತಕದ ಡೋಸ್‌ಗೇ ಹಿಂತಿರುಗಿದೆವು.